ಪಾಪಳ ಎರಡನೆಯ ರಾಣಿ

ಚೆಟ್ಟಳ್ಳಿ, ೧೨ ಜನವರಿ ೧೯೫೫

ಕಿರಿಯರ ಚದುರಂಗ ಪಂದ್ಯಕ್ಕೆ ತೀರ್ಪುಗಾರರಾಗಿದ್ದ ಮಾನ್ಯ ವಿದ್ಯಾಧಿಕಾರಿಗಳೇ,

ಕಳೆದ ತಿಂಗಳು ಮಡಿಕೇರಿಯಲ್ಲಿ ತಾವು ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ತುಂಬಿದ ಸಭೆಯಲ್ಲಿ ಕಳ್ಳಿ ಎಂದಿರಿ. ಅವಳು ಕದ್ದಿರಲಿಲ್ಲ, ಗೆದ್ದಿದ್ದಳು. ಆಟದ ನಿಯಮ ತಮಗೆ ಗೊತ್ತಿರಲಿಲ್ಲ, ಅಷ್ಟೆ.

ಹುಡುಗಿಯ ಹೆಸರು ಪಾಪ. ತಂದೆ ಮಾರಿ ಇಲ್ಲಿನ ಕಾಫಿ ಎಸ್ಟೇಟೊಂದರ ಕೂಲಿಯಾಳು, ಅಲ್ಲಿನ ಕೂಲಿಮನೆಗಳ ಲೈನಿನಲ್ಲೇ ವಾಸ; ಹುಡುಗಿ ನನ್ನ ವಿದ್ಯಾರ್ಥಿನಿ. ಕೊನೆಯ ಪಂದ್ಯದಲ್ಲಿ ಅವಳೆದುರು ಕುಳಿತವನು ಪ್ಲಾಂಟರೊಬ್ಬರ ಮಗ ಬೆಳ್ಯಪ್ಪ. ಗೆದ್ದವರು ಮೈಸೂರಿನ ಪಂದ್ಯಕ್ಕೆ ಹೋಗಬೇಕಿತ್ತು. ಎರಡು ಗಂಟೆ ಇಬ್ಬರೂ ತಲೆಯೆತ್ತಲಿಲ್ಲ. ಕೊನೆಗೆ ಪಾಪ ತನ್ನ ಕಾಲಾಳನ್ನು ಎದುರಾಳಿಯ ಕಟ್ಟಕಡೆಯ ಸಾಲಿಗೆ ಮುಟ್ಟಿಸಿದಳು. ಹಾಗೆ ಮುಟ್ಟಿದ ಕಾಲಾಳು ರಾಣಿಯಾಗಬಹುದು, ಮೊದಲಿನ ರಾಣಿ ಹಲಗೆಯ ಮೇಲಿದ್ದರೂ ಸರಿ. ತಾವೇ ಹಂಚಿಸಿದ ಪುಸ್ತಿಕೆಯ ಆರನೆಯ ಪುಟದಲ್ಲಿ ಅದು ಅಚ್ಚಾಗಿದೆ. ಇನ್ನೊಂದು ರಾಣಿ ಪೆಟ್ಟಿಗೆಯಲ್ಲಿರಲಿಲ್ಲ. ಆದ್ದರಿಂದ, ಎಲ್ಲರೂ ಮಾಡುವಂತೆ, ಆಟದಿಂದ ಹೊರಬಿದ್ದಿದ್ದ ಆನೆಯನ್ನು ರಾಣಿಯ ಬದಲಿಗೆ ತಲೆಕೆಳಗಾಗಿ ಇಟ್ಟಳು.

"ಒಬ್ಬ ರಾಜನಿಗೆ ಎರಡು ರಾಣಿಯೇ?" ಎಂದು ತಾವು ನಕ್ಕಿರಿ. ಇತಿಹಾಸ ಓದಿದ ತಮಗೆ ಈ ಅನುಮಾನ ಹೇಗೆ ಬಂತೋ! ಸಭೆಯೂ ನಕ್ಕಿತು.

"ಬುಕ್ಕಲ್ಲಿದೆ ಸಾರ್," ಎಂದಳು ಪಾಪ.

"ಸತ್ತ ಕಾಯಿ ತಂದಿಟ್ಟು ಎದುರು ಮಾತು ಬೇರೆ! ಲೈನಿನ ಕಳ್ಳಬುದ್ಧಿ."

ಬೆಳ್ಯಪ್ಪ ಎದ್ದು ನಿಂತ. "ಸಾರ್, ಅವಳು ಸರಿಯಾಗೇ ಆಡಿದ್ದು. ನಾನು ಸೋತೆ."

ಸೋತವನೇ ಸೋತೆನೆಂದರೂ ಒಪ್ಪದ ನ್ಯಾಯ ಯಾವ ಸೀಮೆಯದು? ಅವನನ್ನು ಗದರಿಸಿ ಕೂರಿಸಿ, ಬೆಳ್ಳಿಯ ಕಪ್ ಅವನ ಕೈಗೇ ತುರುಕಿದಿರಿ. ಅವನು ಅದನ್ನು ಮೇಜಿನ ಮೇಲೆ ಬಿಟ್ಟುಹೋದ.

ಇನ್ನು ನಾನು. ಆರನೆಯ ಪುಟ ತೆರೆದು ಹಿಡಿದುಕೊಂಡೇ ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಪಾಪ ಒಮ್ಮೆ ಹಿಂತಿರುಗಿ ನೋಡಿದಳು. ನಾನು ಏಳಲಿಲ್ಲ. ನನ್ನ ವರ್ಗಾವಣೆಯ ಅರ್ಜಿ ತಮ್ಮ ಕಚೇರಿಯಲ್ಲಿತ್ತು.

ಸುದ್ದಿ ನಮಗಿಂತ ಮೊದಲೇ ಎಸ್ಟೇಟು ಮುಟ್ಟಿತ್ತು. ಒಂದು ವಾರ ಹುಡುಗಿ ಶಾಲೆಗೆ ಬಾರದಿದ್ದಾಗ ಲೈನಿಗೆ ಹೋದೆ. ಮಾರಿ ಒಳಗೆ ಕರೆಯಲಿಲ್ಲ.

"ಬೇಡ ಮೇಷ್ಟ್ರೇ. 'ನಿನ್ಮನೇಲಿ ಕಳ್ಳಿ ಅವ್ಳೆ' ಅಂತಾರೆ ಎಸ್ಟೇಟಿನ ಲೆಕ್ಕ ಬರಿಯೋ ರೈಟರು. ಲೈನಿಂದ ಹೊರಗೆ ಹಾಕಿದ್ರೆ ಎಲ್ಲಿಗೋಗೋದು? ಓದಿದ್ದು ಸಾಕು."

ಪಾಪ ಸೊಂಟಕ್ಕೆ ಚೀಲ ಕಟ್ಟಿ ಕಾಫಿಹಣ್ಣಿನ ಪಿಕ್ಕಿಂಗಿಗೆ ಹೊರಟಿದ್ದಳು. "ನೀವಾದ್ರೂ ಹೇಳಬೋದಿತ್ತಲ್ಲ ಸಾರ್," ಎಂದಳು.

ಮೈಸೂರಿನ ಪಂದ್ಯ ಮುಗಿದುಹೋಯಿತು; ಕಪ್ ಕೇಳುತ್ತಿಲ್ಲ. ತಾವು ಲೈನಿಗೆ ಬಂದು, ಮಾರಿ ಮತ್ತು ರೈಟರ ಎದುರು, 'ಈ ಹುಡುಗಿ ಕಳ್ಳಿಯಲ್ಲ, ತಪ್ಪು ನನ್ನದು' ಎಂದು ಬಾಯಿಬಿಟ್ಟು ಹೇಳಬೇಕು. ಜೀಪು ಅಂಗಳದವರೆಗೂ ಬರುತ್ತದೆ. ಅವಳು ಕದ್ದಿಲ್ಲವೆಂದು ನಾನು ಹೇಳಿ ನೋಡಿದ್ದೇನೆ. ಅಷ್ಟು ದೊಡ್ಡ ಸಾಹೇಬರು ಸುಳ್ಳು ಹೇಳ್ತಾರಾ ಎಂದು ಮಾರಿ ನನ್ನನ್ನೇ ಕೇಳಿದ.

ಇಂತಿ,
ಏಳಬೇಕಾದಾಗ ಏಳದ ಉಪಾಧ್ಯಾಯ,
ಮರುಳಸಿದ್ದಪ್ಪ