ಎರಡು ಸಲ ಹಾಕಿದ ರನ್ನು

ಜಗಳೂರು, ೧೯೮೪

ಓಬಳೇಶ,

ನೀನು ಊರು ಬಿಟ್ಟು ಏಳು ವರ್ಷವಾಯಿತು. ನಿಮ್ಮವ್ವ ನನಗೆ ವಿಳಾಸ ಕೊಡುವುದಿಲ್ಲ.

ನಾವು ಮೂವರೂ ನಿಜವಾದ ಆಟಗಾರರ ಲೆಕ್ಕ ನೋಡಿ ಚೀಟಿ ಮಾಡಿ, ಅದನ್ನೆತ್ತಿ ಕಾಗದದ ಮೇಲೆ ಆಡುತ್ತಿದ್ದ ಕ್ರಿಕೆಟ್ ಲೀಗಿನ ನೋಟ್‌ಬುಕ್ಕನ್ನು ತಿಪ್ಪೇಸ್ವಾಮಿ ಇವತ್ತು ಹೋಟೆಲಿಗೆ ತಂದಿದ್ದ. "ಹಳೇ ಕಾಲದ ಬೌಲರ್ ಇದ್ರೆ ಫೀಲ್ಡರೂ ಹಳಬರಂಗೆ ಕ್ಯಾಚ್ ಬಿಡಬೇಕು ಅಂತ ರೂಲ್ಸ್ ಮಾಡಿದ್ಯಲ್ಲ, ಆ ಕ್ಯಾಚ್ ಬಿಟ್ಟ ರನ್ನು ಆ ಬೌಲರ್ ನಿಜವಾಗ್ಲೂ ಕೊಟ್ಟ ರನ್ನಿನ ಲೆಕ್ಕದಾಗೆ ಆಗ್ಲೇ ಸೇರೈತೆ. ನೀನು ಎರಡು ಸಲ ಹಾಕೀಯ. ಓಬಳೇಶ ಹೇಳಿದ್ದೇ ಸರಿ" ಎಂದ.

ಅವನ ಮುಖಕ್ಕೆ ಬಿಸಿ ಚಹಾ ಎರಚಿದೆ. ಕೊರಳಪಟ್ಟಿ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದೆ. ಹಣೆ ಒಡೆಯಿತು.

ರಕ್ತ ಒರೆಸಿಕೊಳ್ಳುತ್ತಾ ಕೇಳಿದ: "ಇದನ್ನೇ ಹೇಳಿದ್ದಕ್ಕಲ್ವೇನೋ, ಅವತ್ತು ಮೂಲೇಲಿದ್ದ ಸ್ಟಂಪ್ ತಗಂಡು ಅವನ ಕಣ್ಣು ಕಳೆದಿದ್ದು?"

ನೋಟ್‌ಬುಕ್ ಎತ್ತಿಕೊಂಡು ಮನೆಗೆ ಬಂದು ಹನ್ನೊಂದು ಮ್ಯಾಚಿನ ಲೆಕ್ಕವನ್ನೂ ತಿದ್ದಿದೆ. ಕೊನೆಯದರಲ್ಲಿ ನಿನ್ನ ಅಕ್ಷರ ಓವರಿನ ನಡುವೆಯೇ ನಿಂತಿದೆ. ತಿದ್ದಿದ ಲೆಕ್ಕದಂತೆ, ನಾನು ಸ್ಟಂಪ್ ಎತ್ತುವ ಹೊತ್ತಿಗೆ ನೀನು ಗೆದ್ದಾಗಿತ್ತು.