ಮುಟ್ಟಬಹುದು, ಮುಟ್ಟಬಾರದು

ಡಿಸೆಂಬರ್ 19, ಶುಕ್ರವಾರ

ಇವತ್ತೂ ಚೀಟಿ ಬರೆಯುವುದೇ ಆಯಿತು. ರಜೆಯ ಕಾರ್ಯಕ್ರಮ ಶುರುವಾಗಲು ಒಂದೇ ದಿನ. ಮ್ಯೂಸಿಯಂ ಇನ್ನೂ ಮದುವೆ ಮುಗಿದ ಮನೆಯ ಹಾಗಿದೆ. ಮೆಟ್ಟಿಲ ಕಂಬಿಯ ಮೇಲೆ ಕಾಗದದ ಲಾಟೀನು ಕಟ್ಟಿದ್ದು ಅರ್ಧ, ಬಿಚ್ಚಿ ಬಿದ್ದದ್ದು ಅರ್ಧ. ‘ಹಳೇ ಶಾಲೆ’ ಕೋಣೆಗೆ ಬೆಂಚು ಬಂತು. ಮಕ್ಕಳಿಗೆ ಬರೆಯಲು ಸ್ಲೇಟು, ಬಳಪ, ಒದ್ದೆ ಬಟ್ಟೆ ಜೋಡಿಸಿದೆ. ಕ್ಯುರೇಟರ್ ಮೇಡಂ ಬರೆದ ಬೋರ್ಡಿನಲ್ಲಿ ಕಾಗುಣಿತ ತಪ್ಪಿತ್ತು. ತಿದ್ದಿದೆ. ಅವರಿಗೆ ಹೇಳಲಿಲ್ಲ.

ಪ್ರತಿ ರಜೆಯಂತೆ ಊರಿನವರು ಮನೆಯಿಂದ ಒಂದೊಂದು ಹಳೇ ವಸ್ತು ಕೊಟ್ಟಿದ್ದಾರೆ. ಕೊನೆಯ ಭಾನುವಾರ ಕೊಟ್ಟವರೇ ಬಂದು, ವಸ್ತುವಿನ ಪಕ್ಕ ನಿಂತು, ಅದರ ಕಥೆ ಹೇಳಿ ಮನೆಗೆ ಒಯ್ಯುವುದು ನಮ್ಮ ಪದ್ಧತಿ. ಈ ಸಲ ನಮ್ಮತ್ತೆಯೂ ಕೊಟ್ಟರು. ಕಾಡಿ ಬೇಡಿ ಒಪ್ಪಿಸಿದ್ದು ನಾನೇ. ಅವರ ತಮ್ಮನ ಸ್ಲೇಟು. ಏಳು ವರ್ಷದ ಹುಡುಗ. ಅತ್ತೆ ರಜೆಗೆಂದು ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅವನಿಗೆ ಜ್ವರ ಬಂತು. ಇವರು ವಾಪಸ್ಸು ಬರುವಷ್ಟರಲ್ಲಿ ಅವನಿರಲಿಲ್ಲ. ಸ್ಲೇಟಿನ ಮೇಲೆ ಬರೆದಿಟ್ಟಿದ್ದ — ‘ಹಕ್ಕ ಬೇಗ ಬಾ’. ಅಕಾರ, ಹಕಾರ ಎರಡೂ ಅವನಿಗೆ ಒಂದೇ. ಅರವತ್ತು ವರ್ಷದಿಂದ ಅದನ್ನು ಯಾರೂ ಒರೆಸಿಲ್ಲ.

ಕೊಡುವಾಗ ಅತ್ತೆ ಒಂದೇ ಮಾತು ಹೇಳಿದರು. “ನಿನ್ನ ಕೈ ಸುಮ್ನಿರಲ್ಲ. ಇದನ್ನ ಮಾತ್ರ ತಿದ್ದಬೇಡ.”

ನಾನು ನಕ್ಕೆ. ಅವರು ನಗಲಿಲ್ಲ.

ಡಿ. 21, ಭಾನುವಾರ

ಜನವೋ ಜನ. ಮಕ್ಕಳ ಗಲಾಟೆಗೆ ಕಿವಿ ಗುಂಯ್ ಎನ್ನುತ್ತಿದೆ. ಹಳೇ ಶಾಲೆಯಲ್ಲಿ ಮೇಡಂ ಟೀಚರಮ್ಮ ಆಗಿದ್ದರು — ಕೈಯಲ್ಲಿ ಬೆತ್ತ, ಕಾಲಲ್ಲಿ ಸ್ಪೋರ್ಟ್ಸ್ ಶೂ.

ಸ್ಲೇಟಿಗೆ ಗಾಜಿನ ಪೆಟ್ಟಿಗೆ ಕೇಳಿದ್ದೆ. ಸಿಗಲಿಲ್ಲ. ಇರುವ ಪೆಟ್ಟಿಗೆಗಳೆಲ್ಲ ನಾಣ್ಯಗಳಿಗೆ ಹೋಗಿವೆ. ಚೀಟಿ ಇದೆಯಲ್ಲ, ಈಗಿನ ಮಕ್ಕಳು ಓದುತ್ತಾರೆ ಎಂದರು ಮೇಡಂ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ದಪ್ಪ ಅಕ್ಷರದಲ್ಲಿ ‘ಮುಟ್ಟಬಾರದು’ ಇಟ್ಟೆ. ಪಕ್ಕದಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ — ಅದಕ್ಕೆ ‘ಮುಟ್ಟಬಹುದು’. ಮಕ್ಕಳು ಎತ್ತಿ ನೋಡಲಿ, ಅಜ್ಜಂದಿರ ತೋಳಿನ ಶಕ್ತಿ ಗೊತ್ತಾಗಲಿ ಎಂದು. ಆದರೂ ಸಮಾಧಾನವಿಲ್ಲ. ಗಳಿಗೆಗೊಮ್ಮೆ ಹೋಗಿ ನೋಡಿ ಬಂದೆ.

ಡಿ. 23, ಮಂಗಳವಾರ

ಹೋಯಿತು.

ನಿನ್ನೆ ಸಂಜೆ ಮೇಜು ಒರೆಸಿದೆ. ಚೀಟಿಗಳನ್ನು ತೆಗೆದು, ಮತ್ತೆ ಇಟ್ಟೆ. ಫೋನು ಕಿವಿ-ಭುಜದ ನಡುವೆ. ‘ಮುಟ್ಟಬ’ವರೆಗೆ ಓದಿರಬೇಕು, ಮುಂದಕ್ಕಿಲ್ಲ. ಅದಲು ಬದಲು.

ಇವತ್ತು ಮಧ್ಯಾಹ್ನ ಹೋದಾಗ ಇಸ್ತ್ರಿಪೆಟ್ಟಿಗೆಯ ಹತ್ತಿರ ಒಂದು ಮಗುವೂ ಇಲ್ಲ. ಪಾಪ, ಎಲ್ಲ ಕೈ ಕಟ್ಟಿಕೊಂಡು ದೂರ ನಿಂತಿವೆ. ಸ್ಲೇಟಿನ ಮೇಲೆ ಬೆಕ್ಕು. ಚೆನ್ನಾಗಿತ್ತು ಬೆಕ್ಕು, ಮೀಸೆ ಸಮೇತ, ಉದ್ದ ಬಾಲ. ಬರೆದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಶಭಾಷ್ ಅನ್ನಲಿ ಎಂದು. ಒದ್ದೆ ಬಟ್ಟೆಯಿಂದ ನೀಟಾಗಿ ಒರೆಸಿಯೇ ಬರೆದಿದ್ದಾಳೆ. ಬೈಯಲು ಬಾಯಿ ಬರಲಿಲ್ಲ. ಚೀಟಿಯಲ್ಲಿ ನಾನೇ ಅನುಮತಿ ಕೊಟ್ಟಿದ್ದೆನಲ್ಲ.

ಸ್ಲೇಟು ತೆಗೆದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, ಸ್ಲೇಟು ಹೇಗಿದೆ, ಜನ ನೋಡುತ್ತಾರಾ ಎಂದು. ತುಂಬಾ ನೋಡುತ್ತಾರೆ ಎಂದೆ. ಕೇಳದಿದ್ದರೂ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಡಿ. 24

ಮೇಡಂಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

“ನಿಮ್ಮ ಮೊಬೈಲಲ್ಲಿ ಫೋಟೋ ಇದೆ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ನೋಡ್ಕೊಂಡು ಬರೆದ್ಬಿಡಿ. ಆ ವಯಸ್ಸಲ್ಲಿ ಅವ್ರಿಗೆ ಸತ್ಯ ಯಾಕೆ?”

ಮ್ಯೂಸಿಯಂ ನಡೆಸುವವರು ಆಡುವ ಮಾತೇ ಇದು! ಆಗುವುದಿಲ್ಲ ಎಂದೆ. ಎಂದು ಬಂದೆ. ಆದರೆ ಫೋಟೋ ತೆಗೆದು ನೋಡಿದೆ… ದೊಡ್ಡದು ಮಾಡಿ ನೋಡಿದೆ.

ಡಿ. 27, ಶನಿವಾರ, ಬೆಳಗ್ಗೆ

ಬರೆದೆ.

ನಿನ್ನೆ ಅತ್ತೆ ಕನ್ನಡಿ ಮುಂದೆ ನಿಂತು ನಾಳೆ ಹೇಳಬೇಕಾದ್ದನ್ನು ಅಭ್ಯಾಸ ಮಾಡುತ್ತಿದ್ದರು. ‘ಇದು ನನ್ನ ತಮ್ಮನ ಸ್ಲೇಟು’ ಎಂದು ಶುರು, ಅಲ್ಲೇ ನಿಲ್ಲುವುದು, ಮತ್ತೆ ಶುರು. ನಮ್ಮ ಯಜಮಾನರು ಅಮ್ಮನಿಗೆ ಚಪ್ಪಾಳೆ ತಟ್ಟಿ ರೇಗಿಸಿದರು. ಇವರಿಗೂ ನಾನು ಹೇಳಿಲ್ಲ. ನೋಡಲಾಗದೆ ಅಡುಗೆಮನೆಗೆ ಹೋದೆ.

ಇವತ್ತು ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ಹೋಗಿ ಡ್ರಾಯರ್ ತೆಗೆದೆ. ಬೆಕ್ಕು ಒರೆಸಿದೆ. ಮಗುವಿನ ಕೈಯ ಹಾಗೆ ಕಾಣಲೆಂದು ಎಡಗೈಯಲ್ಲಿ ಬರೆದೆ. ಬರೆದದ್ದನ್ನು ತಿರುಗಿಯೂ ನೋಡಲಿಲ್ಲ. ಸ್ಟ್ಯಾಂಡಿನ ಮೇಲಿಟ್ಟೆ. ‘ಮುಟ್ಟಬಾರದು’ ಚೀಟಿ ಇಟ್ಟೆ, ಪೂರ್ತಿ ಓದಿ.

ಡಿ. 28, ಭಾನುವಾರ

ಅತ್ತೆಯ ಸರದಿ ಕಡೆಗೆ ಬಂತು. ಒಳ್ಳೇ ಸೀರೆ ಉಟ್ಟಿದ್ದರು. ಸ್ಲೇಟಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಜನ ಕಾಯುತ್ತಿದ್ದಾರೆ. ಮೇಡಂ ಕೆಮ್ಮಿದರು.

ಇದು ನನ್ನ ತಮ್ಮನ ಸ್ಲೇಟು, ಅವನಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ ಎಂದರು. ಅಷ್ಟೇ. ಎತ್ತಿ ಚೀಲದಲ್ಲಿ ಹಾಕಿಕೊಂಡರು. ಆಗ ನನಗೂ ಕಂಡಿತು. ‘ಅಕ್ಕ ಬೇಗ ಬಾ’.

ಅಕ್ಕ! ಫೋಟೋ ಕಣ್ಣೆದುರಿಗಿದೆ, ಕೈ ತಿದ್ದಿಬಿಟ್ಟಿದೆ. ಎಡಗೈಗೂ ಅದೇ ಚಾಳಿ.

ಆಟೋದಲ್ಲಿ ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮನೆಗೆ ಬಂದು ಎಲ್ಲ ಹೇಳಿದೆ — ಚೀಟಿ, ಬೆಕ್ಕು, ಎಡಗೈ. ಕಾಲು ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ಬಳಪ ಅರವತ್ತು ವರ್ಷ ಎಲ್ಲಿ ನಿಲ್ಲುತ್ತೆ? ಮಾಸಿದಾಗೆಲ್ಲ ನಾನೇ ಅದರ ಮೇಲೆ ತಿದ್ತಿದ್ದೆ, ಚಿಕ್ಕ ಮಕ್ಕಳು ಅಕ್ಷರ ತಿದ್ತಾರಲ್ಲ, ಹಾಗೆ. ನಾನು ತಿದ್ದುವಾಗ ಕೆಳಗೆ ಅವನ ಗೆರೆ ಇರ್ತಿತ್ತು. ನೀನೂ ತಿದ್ದಿದೀಯ. ನಿನ್ನ ಅಕ್ಷರದ ಕೆಳಗೆ ಯಾರಿದ್ದಾರೆ?”

ಜೋರಾಗಿಯೂ ಹೇಳಲಿಲ್ಲ. ಸೀರೆ ಬದಲಿಸಲು ಒಳಗೆ ಹೋದರು.

ಜನವರಿ 2, ಶುಕ್ರವಾರ

ಐದು ದಿನ ಬರೆಯಲಿಲ್ಲ. ಬರೆಯಲು ಕೈ ಏಳಲಿಲ್ಲ. ಅತ್ತೆ ಮಾತಾಡುತ್ತಾರೆ — ಹಾಲು ಬಂತಾ, ನೀರು ಬಿಟ್ಟರಾ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಇವರು ಇಬ್ಬರ ಮುಖ ನೋಡಿ ನೋಡಿ ಟೀವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ಬೆಳಗ್ಗೆ ಸ್ಲೇಟು ತಂದು ನನ್ನ ಮುಂದಿಟ್ಟರು. ನಿನ್ನ ಅಕ್ಷರ ನೀನೇ ಒರೆಸು ಎಂದು ಹೇಳಿ ಪಕ್ಕದ ಮನೆಗೆ ಹೋದರು.

ಒರೆಸಿದೆ. ಒಣಗಲೆಂದು ಕಿಟಕಿಗೆ ಒರಗಿಸಿದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಎಡತುದಿಯಲ್ಲಿ ಒಂದು ಗೀರು. ಬಳಪದ ಬಿಳುಪಲ್ಲ, ಕಲ್ಲಿಗೇ ಇಳಿದ ಗೀರು. ಬಾಗಿದೆ. ಬೆರಳಾಡಿಸಿದರೆ ಉಗುರಿಗೆ ತಾಗುತ್ತದೆ. ಹುಡುಗ ಒತ್ತಿ ಬರೆಯುತ್ತಿದ್ದನೇ? ಅರವತ್ತು ವರ್ಷ ಅದೇ ಜಾಗದಲ್ಲಿ ತಿದ್ದಿ ತಿದ್ದಿ ಆದದ್ದೇ? ಹಕಾರದ ತಿರುವು ಅನಿಸುತ್ತದೆ. ಆದರೆ ಬೆಕ್ಕಿನ ಬಾಲವೂ ಆ ಕಡೆಗೇ ಬಾಗಿತ್ತಲ್ಲ… ಹೊಸ ಬಳಪ, ಗಟ್ಟಿ ಹುಡುಗಿ, ಗೀರು ಅವಳದ್ದೂ ಇರಬಹುದು.

ಅತ್ತೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ. ತೋರಿಸಿದ ಮೇಲೆ ಅಲ್ಲವೆಂದಾದರೆ ಅವರ ತಮ್ಮ ಇನ್ನೊಂದು ಸಲ ಹೋದ ಹಾಗೆ. ತೋರಿಸದಿದ್ದರೆ ಈ ಸಲವೂ ನಾನೊಬ್ಬಳೇ ತೀರ್ಮಾನಿಸಿದ ಹಾಗೆ.

ಕರೆದೆ. ಕನ್ನಡಕ ತರುತ್ತೇನೆ ಎಂದರು. ಸ್ಲೇಟು ಬಿಸಿಲಿಗೆ ಹಿಡಿದುಕೊಂಡೇ ಬರೆಯುತ್ತಿದ್ದೇನೆ, ಅಲುಗಾಡಿದರೆ ಕಾಣುವುದಿಲ್ಲ. ಬಂದರು, ಬಗ್ಗಿ ನೋಡುತ್ತಿದ್ದಾರೆ. ಯಾರ ಗೀರೆಂದು ಅವರೇ ಹೇಳಲಿ, ಪೆನ್ನು ಇಡುತ್ತೇನೆ.