ಅಮ್ಮನ ಜೊತೆ ಐದು ದಿನದ ನಡಿಗೆ

ಗಿತಿರಿಸ್,
೧೪ ಸೆಪ್ಟೆಂಬರ್ ೧೯೮೭, ಸೋಮವಾರ

ಪ್ರೀತಿಯ ತಂಗಿ ಸಬೇಲಾ,

ನಿನ್ನ ಬೆನ್ನುನೋವು ಹೇಗಿದೆ? ಆ ಹೋಟೆಲಿನವರು ಇನ್ನೂ ನಿನ್ನ ಕೈಲೇ ಹಾಸಿಗೆಗಳನ್ನೆಲ್ಲ ಎತ್ತಿಸುತ್ತಿದ್ದಾರೆಯೇ? ಬಾಸೆಲ್‌ನಲ್ಲಿ ಆಗಲೇ ಚಳಿ ಶುರುವಾಯಿತೆಂದು ಬರೆದಿದ್ದೆ. ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಅಮ್ಮನನ್ನು ಮಣ್ಣು ಮಾಡುವ ಹೊತ್ತಿಗೆ ತಲುಪಲಿಲ್ಲವೆಂದು ಪ್ರತಿ ಕಾಗದದಲ್ಲೂ ಕ್ಷಮೆ ಕೇಳುವುದನ್ನೂ ನಿಲ್ಲಿಸು. ಸ್ವಿಸ್ ರೈಲು ಹತ್ತಿ ಎರಡು ದಿನ ಬರುವವರೆಗೆ ಯಾವ ಪಾದ್ರಿ ಕಾಯುತ್ತಾರೆ? ನಾವು ಕ್ಷೇಮ. ಕೆಂಪು ಹಸು ಕರು ಹಾಕಿದೆ. ನಿನ್ನ ಭಾವ ದೆಲ್ಮಿರೊ ಅವರ ಪಾದದಲ್ಲಿ ಏಳು ಬೊಬ್ಬೆ, ನನ್ನ ಪಾದದಲ್ಲಿ ಎರಡು. ಅವರು ತಮ್ಮ ಏಳನ್ನೂ ದಾರಿಯಲ್ಲಿ ಸಿಕ್ಕವರಿಗೆಲ್ಲ ಬೂಟು ಬಿಚ್ಚಿ ತೋರಿಸಿದ್ದಾರೆ.

ಹೌದು, ತೆಯ್ಶಿದೊಗೆ ನಡೆದು ಹೋಗಿ ಬಂದೆವು. ಬದುಕಿದ್ದಾಗ ಅಲ್ಲಿನ ಸಂತ ಆಂದ್ರೆಸರ ಇಗರ್ಜಿಗೆ ಹೋಗದವರು ಸತ್ತ ಮೇಲಾದರೂ ಹೋಗಲೇಬೇಕು, ಕರೆಯುವವರು ಇಲ್ಲದಿದ್ದರೆ ಕಪ್ಪೆಯಾಗಿಯೋ ಹಾವಾಗಿಯೋ ತೆವಳಿಕೊಂಡು ಹೋಗಬೇಕು ಎಂದು ಅಮ್ಮ ವರ್ಷವಿಡೀ ಹೇಳುತ್ತಿದ್ದಳಲ್ಲ. ಹೇಳುತ್ತ ಹೇಳುತ್ತಲೇ ಎಂಬತ್ತೊಂದು ದಾಟಿತು, ಹೋಗಲಿಲ್ಲ. ಅಮ್ಮ ಹೋದ ಫೆಬ್ರವರಿಯಿಂದ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಡೈರಿಯಲ್ಲಿ ಕೂಡ ‘ಮಳೆ’, ‘ಮಳೆ ಇಲ್ಲ’ ಎಂದಷ್ಟೇ ಬರೆಯುತ್ತಿದ್ದೆ. ಅಮ್ಮ ಕಪ್ಪೆಯಾಗಿ ತೆವಳುತ್ತಿರುವ ಹಾಗೆ ಆಗಸ್ಟಿನಲ್ಲಿ ಕನಸು ಬಿತ್ತು. ಬೆಳಿಗ್ಗೆ ಎದ್ದು, ಕರೆದುಕೊಂಡು ಹೋಗೋಣ ಎಂದೆ. ಅತ್ತೆಯ ಜೊತೆ ಸಂತೆಗೂ ಹೋಗದ ನಿನ್ನ ಭಾವ ಎದ್ದು ಬೂಟಿಗೆ ಎಣ್ಣೆ ಹಚ್ಚಿದರು.

ನಿನಗೆ ಹೇಳಿರಲಿಲ್ಲ: ಅಮ್ಮನನ್ನು ಗೋಡೆಯ ಗೂಡಿನೊಳಗಿಟ್ಟು ಸಿಮೆಂಟು ಬಳಿದ ದಿನದಿಂದ ನಾನು ಸ್ಮಶಾನದ ಒಳಗೆ ಕಾಲಿಟ್ಟಿಲ್ಲ. ಭಾನುವಾರಗಳಲ್ಲಿ ಗೇಟಿನವರೆಗೆ ಹೋಗಿ ವಾಪಸ್ಸಾಗುತ್ತಿದ್ದೆ. ಹೊರಡುವ ದಿನವೂ ಗೇಟಿನಲ್ಲೇ ನಿಂತೆ. ಮಂಜು ಮುಸುಕಿತ್ತು, ನೀನು ಹೆಸರು ಕೆತ್ತಿಸಲು ಹೇಳಿದ ಕಲ್ಲು ಇನ್ನೂ ಬಂದಿರಲಿಲ್ಲ. ನಿನ್ನ ಭಾವ ಒಳಗೆ ಹೋಗಿ, ಕರೆಯಲು ಗೂಡನ್ನು ಮೂರು ಸಲ ತಟ್ಟಿದ್ದು ಕೇಳಿಸಿತು. “ಅತ್ತೆ, ಏಳಿ, ತೆಯ್ಶಿದೊಗೆ ಹೊರಟಿದ್ದೀವಿ. ದಾರೀಲಿ ಜಗಳ ಬೇಡ, ಈಗಲೇ ಹೇಳ್ಬಿಟ್ಟಿದ್ದೀನಿ!”

ಕ್ರಮದಂತೆ ಇಬ್ಬರ ನಡುವೆ ಅಮ್ಮನಿಗೆ ಜಾಗ ಬಿಟ್ಟು ನಡೆದೆವು. ಕಾಲುದಾರಿ ಕಿರಿದಾದಲ್ಲೆಲ್ಲ ನಿನ್ನ ಭಾವ ಚರಂಡಿಯಲ್ಲಿ. “ಇದ್ದಾಗಲೂ ನಮ್ಮಿಬ್ಬರ ಮಧ್ಯೆ ಬರ್ತಿದ್ರು, ಆಗ ಜಾಗವನ್ನಾದ್ರೂ ನಾವು ಬಿಟ್ಟುಕೊಡ್ತಿರಲಿಲ್ಲ” ಎಂದು ಅಲ್ಲಿಂದಲೇ ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಮಾತಾಡುತ್ತಿದ್ದೆ. ಏನು ಬಂತೋ ಗೊತ್ತಿಲ್ಲ, ಮೊದಲ ಗುಡ್ಡ ಹತ್ತುವಷ್ಟರಲ್ಲಿ ಏಳು ತಿಂಗಳ ಮಾತು ಬಾಯಿಗೆ ಬಂದಿತ್ತು. ಕೆಂಪು ಹಸುವಿಗೆ ದಿನ ತುಂಬುತ್ತಿರುವುದು, ಹೊಸ ಪಾದ್ರಿಯ ಮೂಗು, ನನ್ನ ಮುಟ್ಟು ನಿಂತು ಮೈಯೆಲ್ಲ ಬಿಸಿಯೇರುವುದು, ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಚಿಕ್ಕವರಿದ್ದಾಗ ನಾವಿಬ್ಬರೂ ಬೇಲಿ ಹಾರಿ ಪಕ್ಕದ ಮನೆಯ ಲಿಸಾರ್ದೊನ ಮರದ ಚೆಸ್ಟ್‌ನಟ್ ಕದ್ದು, ನಮ್ಮದೇ ಮರದ್ದೆಂದು ತಂದುಕೊಟ್ಟದ್ದನ್ನೂ ಒಪ್ಪಿಕೊಂಡೆ. ಎದೆ ಹಗುರವಾಯಿತು.

ಊಟದ ಮನೆಗಳಲ್ಲಿ ಯಾರೂ ಏನೂ ಕೇಳದೆ ಮೂರನೆಯ ತಟ್ಟೆ ಇಡುತ್ತಿದ್ದರು. ಒಬ್ಬ ಹೆಂಗಸು ಮಾತ್ರ, “ನಿಮ್ಮ ಹೋದವರಿಗೆ ವೈನು ಬಿಳಿಯದೋ, ಕೆಂಪೋ?” ಎಂದಳು. ಅಮ್ಮ ಕುಡಿಯುತ್ತಿರಲಿಲ್ಲವೆಂದೆ. “ಅಲ್ಲಿ ಹೋಗಿ ಕಲಿತಿರಬಹುದು, ಕೆಂಪೇ ಕೊಡಮ್ಮ” ಎಂದು ನಿನ್ನ ಭಾವ ತರಿಸಿ, ಅಮ್ಮ ವಾಸನೆ ನೋಡಲಿ ಎಂದು ಎರಡು ನಿಮಿಷ ಬಿಟ್ಟು, ತಾವೇ ಕುಡಿದರು. ಮೂರನೆಯ ಬೆಳಿಗ್ಗೆ ಅವರ ಬೂಟಿನೊಳಗೆ ದೊಡ್ಡದೊಂದು ಕಪ್ಪೆ. ಆ ದಾರಿಯಲ್ಲಿ ಹುಳವನ್ನೂ ತುಳಿಯುವ ಹಾಗಿಲ್ಲವಲ್ಲ! ಮಂಡಿಯೂರಿ ಕೂತು, “ಇಳೀರಿ ಯಜಮಾನ್ರೇ, ನಿಮಗೂ ನಮಗೂ ಹೊತ್ತಾಯ್ತು” ಎಂದು ಕೈಮುಗಿದರು. ಯಾವ ಯಜಮಾನರು ಎಂದು ಕೇಳಿದರೆ ಕೆಮ್ಮಿದರು.

ತೆಯ್ಶಿದೊದ ಬುಗ್ಗೆಯಲ್ಲಿ ರೊಟ್ಟಿಯ ತುಂಡು ಹಾಕಿದೆ. ತೇಲಿದರೆ ಬೇಡಿದ್ದು ಆಯಿತೆಂದು ಅರ್ಥ. ನಮ್ಮದು ಕಲ್ಲಿನ ಹಾಗೆ ಮುಳುಗಿತು. “ಹಸಿ ಹಿಟ್ಟು, ಬೇಕರಿಯವನ ತಪ್ಪು” ಎಂದರು ನಿನ್ನ ಭಾವ. ಇಲ್ಲೇ ಇರಮ್ಮಾ ಎಂದು ಬೀಳ್ಕೊಡಲು ನನಗೆ ಬಾಯಿ ಬರಲಿಲ್ಲ, ಅವರೇ ಹೇಳಿ ಮುಗಿಸಿದರು. ಬಸ್ಸಿನಲ್ಲಿ ಎರಡೇ ಟಿಕೆಟು ತೆಗೆದುಕೊಂಡು ಮನೆಗೆ ಬಂದೆವು.

ಮೊನ್ನೆ ಶನಿವಾರ ಕಲ್ಲು ಕೂರಿಸಿದ್ದಾರೆಂದು ಸುದ್ದಿ ಬಂತು. ನಡೆದು ನಡೆದು ಕಾಲಿಗೆ ಧೈರ್ಯ ಬಂದಿತ್ತೋ ಏನೋ, ಈ ಸಲ ಒಳಗೆ ಹೋದೆ. ಅಕ್ಷರ ಚೆನ್ನಾಗಿವೆ. ಗೂಡು ಮೇಲೆ, ಮೂರನೆಯ ಸಾಲಿನಲ್ಲಿದೆ. ಕತ್ತೆತ್ತಿ ನೋಡಿ, ಇಷ್ಟೆತ್ತರ ಹೇಗೆ ತಟ್ಟಿದಿರಿ ಎಂದು ಕೇಳಿದೆ. ನಿನ್ನ ಭಾವ ಟೋಪಿ ತೆಗೆದು, ಸೊಂಟದೆತ್ತರದ ಗೂಡೊಂದನ್ನು ತೋರಿಸಿದರು. ಅದಕ್ಕೂ ಹೊಸ ಕಲ್ಲು ಬಂದಿತ್ತು: ಲಿಸಾರ್ದೊ!

ಅಮ್ಮ ಹೋದ ವಾರವೇ ಸತ್ತ ಲಿಸಾರ್ದೊ. ಬೇಲಿಯ ಆ ಮರಕ್ಕಾಗಿ ಅಮ್ಮನ ಜೊತೆ ಇಪ್ಪತ್ತೆರಡು ವರ್ಷ ಮಾತು ಬಿಟ್ಟವನು, ನಿನ್ನ ಮದುವೆ ದಿಬ್ಬಣದ ಮೇಲೆ ನಾಯಿ ಬಿಟ್ಟವನು. ಅವನನ್ನು ಐದು ದಿನ ನಡುವೆ ನಡೆಸಿಕೊಂಡು, ಸೂಪು ಬಡಿಸಿ, ಸಂತರ ಬಾಗಿಲಿಗೆ ಮುಟ್ಟಿಸಿ ಬಂದೆವು. ನನ್ನ ಮುಟ್ಟಿನ ವಿಷಯ ಅವನಿಗೆ ಹೇಳಿದೆ, ಸಬೇಲಾ. ಚೆಸ್ಟ್‌ನಟ್ ಕಳ್ಳತನವನ್ನು ಅವನ ಎದುರಿಗೇ ಒಪ್ಪಿಕೊಂಡೆ.

ನಿನ್ನ ಭಾವನಿಗೆ ಎರಡನೆಯ ದಿನವೇ ಗೊತ್ತಾಗಿತ್ತಂತೆ. ತಂಗಿದ ಮನೆಯಲ್ಲಿ ಚೀಲವನ್ನು ಎತ್ತರದ ಹಲಗೆಗೆ ಎತ್ತಿಡುವಾಗ ಭುಜ ಹಿಡಿಯಿತಂತೆ, ಅಮ್ಮನ ಶವಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತುವಾಗ ಹಿಡಿದ ಹಾಗೇ; ತಾವು ತಟ್ಟಿದ್ದು ಕೆಳಗಿನದನ್ನು ಎಂದು ಆಗ ನೆನಪಾಯಿತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕಿರುಚಿದೆ. “ನೀನು ಮಾತಾಡ್ತಿದ್ದೆ ಕಣೇ” ಎಂದರು. “ಏಳು ತಿಂಗಳಾದ ಮೇಲೆ ಮಾತಾಡ್ತಿದ್ದೆ. ಲಿಸಾರ್ದೊನೇ ಕೇಳಿಸ್ಕೊಳ್ಲಿ, ಅವನಿಗೇನು ಬೇರೆ ಕೆಲಸ ಅಂತ ಬಿಟ್ಟೆ.” ನಾನು ಗೂಡುಗಳ ಮುಂದೆಯೇ ನೆಲದಲ್ಲಿ ಕೂತು ನಕ್ಕೆ. ಸ್ಮಶಾನದಲ್ಲಿ ಹಾಗೆ ನಗಬಾರದು, ಗೊತ್ತು.

ಮಕ್ಕಳಿಗೆ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ. ಸಂತ ಆಂದ್ರೆಸರು ನಿನ್ನ ಬೆನ್ನನ್ನು ಕಾಯಲಿ. ಲಿಸಾರ್ದೊನನ್ನು ತಲುಪಿಸಿದ್ದಕ್ಕೆ ನಮಗೂ ಒಂದು ಉಪಕಾರ ಅವರಿಂದ ಬರಬೇಕಾಗಿದೆ.

ನಿನ್ನ ಅಕ್ಕ,
ಬಾಲ್ಬಿನಾ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ: ಅಮ್ಮ ಇನ್ನೂ ಇಲ್ಲೇ ಇದ್ದಾಳೆ. ನಿನ್ನೆ ಏಣಿ ಹಾಕಿ ನಾನೇ ಹತ್ತಿ ತಟ್ಟಿದೆ. ಬಾ ಎಂದು ಕರೆಯಲಿಲ್ಲ. ಸಬೇಲಾ ಬಂದು ಕರೆಯುತ್ತಾಳೆ, ಅಲ್ಲಿಯವರೆಗೆ ತಾಳು ಎಂದೆ. ನವೆಂಬರ್ ಮೂವತ್ತು ಸಂತರ ದಿನ. ಈ ಸಲ ನೀನು ಬರುವವರೆಗೂ ನಾವು ಹೊರಡುವುದಿಲ್ಲ. ಆ ಕಾಲುಚೀಲ ಹಾಕಿಕೊಂಡು ಬಾ.